ಬಾಲದಕ್ಕನ ಸೈಕಲ್ ಚೈನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಂಗುಮನೆಯ ಹಿಂದಿನ ಅಂಗಳದಲ್ಲಿ ಗೋಡೆಗೆ ಒರಗಿಸಿಟ್ಟ ಸೈಕಲ್ಲುಗಳ ಸೀಟಿನ ಮೇಲೆಲ್ಲಾ ಇಬ್ಬನಿ ಕೂತಿದೆ. ಹೆಗಲಿಗೆ ಹಳೇ ಟವೆಲ್ಲು ಹಾಕಿಕೊಂಡ ಹೆಂಗಸೊಬ್ಬರು ಒಂದೊಂದೇ ಸೀಟು ಒರೆಸುತ್ತಾ, ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಾ ಸಾಲಿನುದ್ದಕ್ಕೂ ಬರುತ್ತಿದ್ದಾರೆ. ಮೆತ್ತಗೆನಿಸಿದ ಟೈರಿಗೆ ಪಂಪು ಹೊಡೆಯುತ್ತಾರೆ, ಬ್ರೇಕು ಹಿಡಿದು ಬಿಡುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಸಾಲಿನ ಕೊನೆಯಲ್ಲಿ ಟೀ ಲೋಟ ಹಿಡಿದು ಚಳಿಗೆ ನಡುಗುತ್ತಾ ನಿಂತಿರುವವನು ನಾನು.

"ನಿಮ್ದು ಕೊನೆಗೆ ಒರೆಸ್ತೀನಿ ಸಾರ್," ಎನ್ನುತ್ತಾರೆ ತಲೆ ಎತ್ತದೆ. "ಹೇಗಿದ್ರೂ ನಾವಿಬ್ರೂ ತಾನೇ ಕೊನೆಗೆ ಹೊರಡೋದು. ಈಗಲೇ ಒರೆಸಿದ್ರೆ ಮತ್ತೆ ಒದ್ದೆ ಆಗುತ್ತೆ."

ತಮಾಷೆಯೇನೋ ಹೌದು, ಸುಳ್ಳಲ್ಲ. ಬೆಟ್ಟ, ಕಣಿವೆ, ಹೊಲಗಳ ನಡುವೆ ಆರು ದಿನ ಸೈಕಲ್ ತುಳಿಯುವ ಈ ಪ್ರವಾಸದಲ್ಲಿ ಮೊದಲ ದಿನದಿಂದಲೂ ಎಲ್ಲರಿಗಿಂತ ಹಿಂದೆ ಬಿದ್ದವನು ನಾನೇ. ಪತ್ರಿಕೆಯ ರಜೆಯ ಪುಟಕ್ಕೆ ಬೆಟ್ಟದ ಸೊಬಗಿನ ಬಗ್ಗೆ ಬರೆದುಕೊಡುತ್ತೇನೆ ಎಂದು ಸಂಪಾದಕರ ಮುಂದೆ ಜಂಬ ಕೊಚ್ಚಿಕೊಂಡು ಬಂದಿದ್ದೆ. ಐವತ್ತು ದಾಟಿದ ಹೊಟ್ಟೆ, ಕುರ್ಚಿಯಲ್ಲೇ ಸವೆದ ಸೊಂಟ, ಎರಡೂ ಮೊದಲ ಏರಿನಲ್ಲೇ ಕೈ ಕೊಟ್ಟವು. ಹಿಂದೆ ಬಿದ್ದವನಿಗೆ ಜೊತೆಗೆ ಸಿಕ್ಕಿದ್ದು ಇವರೊಬ್ಬರೇ. ಬೆಟ್ಟದ ಬಗ್ಗೆ ಬರೆಯಬೇಕಾದವನು ಇವರ ಬಗ್ಗೆ ಬರೆಯುತ್ತಿರುವುದು ಹೀಗೆ.

ಈ ಪ್ರವಾಸಗಳ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು. ಬೆಳಗ್ಗೆ ಒಂದು ಊರಿನ ತಂಗುಮನೆಯಿಂದ ಹೊರಟರೆ ಸಂಜೆಗೆ ಬೆಟ್ಟದಾಚೆಯ ಇನ್ನೊಂದು ಊರು. ಪೆಟ್ಟಿಗೆ ಚೀಲಗಳು ವ್ಯಾನಿನಲ್ಲಿ, ಮನುಷ್ಯರು ಸೈಕಲ್ಲಿನಲ್ಲಿ. ಎಲ್ಲರ ಮುಂದೆ ದಾರಿ ತೋರಿಸುವ ಗೈಡು, ಎಲ್ಲರ ಹಿಂದೆ ಇವರು. ಇವರಿಗಿಂತ ಹಿಂದೆ ಯಾರೂ ಉಳಿಯಬಾರದು, ಕೆಲಸ ಇಷ್ಟೇ. ಜೊತೆಯವರು ಇಟ್ಟಿರುವ ಹೆಸರು ಬಾಲದಕ್ಕ. ಕೋಪ ಬರುವುದಿಲ್ಲವೇ ಎಂದು ಕೇಳಿದರೆ, "ಬಾಲ ಇಲ್ದಿದ್ರೆ ಹಸು ನೊಣ ಹೇಗೆ ಓಡಿಸುತ್ತೆ ಸಾರ್?" ಎಂದು ನಗುತ್ತಾರೆ.

ಇಪ್ಪತ್ತು ವರ್ಷಕ್ಕೂ ಮೇಲಾಯಿತು ಈ ಕೆಲಸಕ್ಕೆ. ಅದಕ್ಕೆ ಮೊದಲು ಇದೇ ಕಂಪನಿಯ ತಂಗುಮನೆಯಲ್ಲಿ ಹಾಸಿಗೆ ಶೀಟು ಒಗೆದು ಮಡಚುತ್ತಿದ್ದರು. ಗಂಡ ಆಗಲೂ ಈಗಲೂ ಕಂಪನಿಯ ಸೈಕಲ್ ರಿಪೇರಿಯವರು, ಪ್ರವಾಸದಲ್ಲಿ ಮುಂದಿನವರ ಜೊತೆ ಇರುತ್ತಾರೆ. ಹಿಂದೆ ಬರುತ್ತಿದ್ದ ಮನುಷ್ಯ ಒಂದು ದಿನ ಕೆಲಸ ಬಿಟ್ಟು ಹೋದಾಗ ಇವರೇ ಮುಂದೆ ಬಂದರು. ಆಗ ಸೈಕಲ್ ಹೊಡೆಯಲು ಬರುತ್ತಿತ್ತೇ?

"ಬರುತ್ತೆ ಅಂತ ಹೇಳಿದೆ. ಆಮೇಲೆ ಶೆಡ್ಡಿನ ಹಿಂದೆ ಬಿದ್ದು ಎದ್ದು ಕಲಿತೆ."

"ಬಿದ್ದಿದ್ದು ಇವಳು, ಬೆಂಡಾಗಿದ್ದು ನನ್ನ ಸೈಕಲ್ಲು," ಎನ್ನುತ್ತಾರೆ ಪಕ್ಕದಲ್ಲಿ ಸ್ಪ್ಯಾನರ್ ಒರೆಸುತ್ತಿದ್ದ ಗಂಡ.

ಸೀಸನ್ನು ಶುರುವಾದರೆ ಒಂದು ತಂಡವನ್ನು ಮುಟ್ಟಿಸಿ ಬಂದು ಬಟ್ಟೆ ಒಗೆದು ಹಾಕುವಷ್ಟರಲ್ಲಿ ಇನ್ನೊಂದು ತಂಡ ತಯಾರಾಗಿರುತ್ತಿತ್ತು. ಮಗಳನ್ನು ಸಾಕಿದ್ದು ನಾದಿನಿ. "ಮಗಳ ಮೊದಲ ಹಲ್ಲು ಬಿದ್ದಾಗ ನಾನು ಬೆಟ್ಟದ ಮೇಲಿದ್ದೆ," ಎನ್ನುವಾಗ ಮಾತ್ರ ಪಂಪು ಹೊಡೆಯುವ ಕೈ ಸ್ವಲ್ಪ ನಿಲ್ಲುತ್ತದೆ. "ಹಲ್ಲನ್ನ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ಲು, ಅಮ್ಮ ಬಂದ್ಮೇಲೆ ತೋರಿಸ್ಬೇಕು ಅಂತ." ಹೀಗೆ ಈ ಬೆಟ್ಟಗಳ ನೆತ್ತಿಯನ್ನು ಇವರು ಹತ್ತಿದ್ದಕ್ಕೆ ಲೆಕ್ಕವೇ ಇಲ್ಲ. ಒಂದೇ ಒಂದು ಸಲವೂ ಮೊದಲು ತಲುಪಿಲ್ಲ.

ಇವತ್ತು ನಾಲ್ಕನೇ ದಿನ, ಎಲ್ಲರೂ 'ದೊಡ್ಡೇರು' ಎಂದು ಕರೆಯುವ ಘಾಟಿ ಹತ್ತುವ ದಿನ. ಮೊದಲೆಲ್ಲ ಬೆಳಗ್ಗೆಯೇ ಮುಂದೆ ಹೊರಟುಬಿಡುತ್ತಿದ್ದ ವ್ಯಾನು ಇವತ್ತು ಅಂಗಳದಲ್ಲೇ ನಿಂತಿದೆ. "ಅಕ್ಕಾ, ಇವತ್ತು ನಾನು ನಿಮ್ಮ ಬಾಲ," ಎಂದು ಡ್ರೈವರು ಹಲ್ಲು ಕಿರಿಯುತ್ತಾನೆ. ಅಕ್ಕ ನಗುವುದಿಲ್ಲ.

ವಿಷಯ ಇದು. ಎರಡು ಸೀಸನ್ನಿನ ಹಿಂದೆ ಕಂಪನಿ ಕೈ ಬದಲಾಗಿದೆ. ಹೊಸ ಯಜಮಾನಿಗೆ ಇನ್ನೂ ಮೂವತ್ತೈದು ತುಂಬಿಲ್ಲ. ಚುರುಕು, ನೇರ ಮಾತು, ಕೆಟ್ಟ ಮನಸ್ಸೇನೂ ಇಲ್ಲ. ಪ್ರತಿ ಊರಿಗೂ ಮುಂಚೆಯೇ ಹೋಗಿ ಊಟ ಸಿದ್ಧಮಾಡಿಸುವವರು ಅವರೇ. ಹಿಂದುಳಿದವರಿಗಾಗಿ ಕಾಯುತ್ತಾ ಊಟ ಆರುತ್ತದೆ, ಮುಂದಿನವರು ಗೊಣಗುತ್ತಾರೆ ಎಂಬುದು ಅವರ ಕಷ್ಟ. ಅದಕ್ಕೇ ದೊಡ್ಡೇರಿನಿಂದ ಕೊನೆಯ ದಿನದವರೆಗೆ ವ್ಯಾನು ಹಿಂದೆ ಬರಲಿ, ಸುಸ್ತಾದವರು ಹತ್ತಿಕೊಳ್ಳಲಿ ಎಂದು ಹೇಳಿದ್ದಾರೆ. ಸರಿಹೋದರೆ ಮುಂದಿನ ಸೀಸನ್ನಿನಿಂದ ವ್ಯಾನೇ ಸಾಕು, ಅಕ್ಕ ಬೆಟ್ಟ ಹತ್ತುವುದು ಬೇಡ, ಮತ್ತೆ ಶೀಟುಗಳನ್ನು ನೋಡಿಕೊಂಡರಾಯಿತು.

"ಶೀಟು ಮಡಚೋದು ಕೆಟ್ಟ ಕೆಲಸ ಅಲ್ಲ ಸಾರ್," ಎನ್ನುತ್ತಾರೆ ಬಾಲದಕ್ಕ, ಕೊನೆಗೂ ನನ್ನ ಸೀಟು ಒರೆಸುತ್ತಾ. "ಆದ್ರೆ ಶೀಟಿಗೆ ಮುಖ ಇರಲ್ಲ. ಕೊನೆಯಲ್ಲಿ ಬಂದೋರು ನೆತ್ತಿ ಮುಟ್ಟಿದಾಗ ಅವರ ಮುಖ ನೋಡ್ಬೇಕು ನೀವು. ಮುಂದೆ ಹೋಗೋರಿಗೆ ಹತ್ತುತ್ತೀವಿ ಅಂತ ಮೊದಲೇ ಗೊತ್ತಿರುತ್ತೆ. ಇವರಿಗೆ ಗೊತ್ತಿರಲ್ಲ. ಅದನ್ನ ನೋಡೋಕೆ ಇರೋದು ನಾನೊಬ್ಳೇ."

ದೊಡ್ಡೇರು ದೊಡ್ಡದೇ. ರಸ್ತೆ ಕಾಡಿನೊಳಗೆ ಒಂದಾದ ಮೇಲೊಂದು ತಿರುವು ಹಾಕುತ್ತಾ ಮೇಲೇರುತ್ತದೆ. ಮುಂದಿನವರ ನಗು, ಮಾತು ಮೊದಲ ನಾಲ್ಕು ತಿರುವಿನವರೆಗೆ ಕೇಳಿಸುತ್ತಿತ್ತು. ಆಮೇಲೆ ನನ್ನ ಏದುಸಿರು ಒಂದೇ. ಬಾಲದಕ್ಕ ಎಲ್ಲಿ ಎಂದು ತಿರುಗಿ ನೋಡಿದರೆ ಒಂದು ತಿರುವಿನಷ್ಟು ಕೆಳಗೆ, ಯಾವಾಗಲೂ ಅಷ್ಟೇ ದೂರದಲ್ಲಿ. ನನ್ನ ಬೆನ್ನಿಗೆ ಬೀಳುವುದಿಲ್ಲ, ಕಣ್ಣಿನಿಂದ ಮರೆಯಾಗುವುದೂ ಇಲ್ಲ.

ಏರಿನಲ್ಲಿ ನಿಧಾನವಾಗಿ ಸೈಕಲ್ ಹೊಡೆಯುವುದು ಎಂಥ ವಿದ್ಯೆ ಎಂದು ನನಗೆ ಗೊತ್ತಾಗಿದ್ದು ಅಲ್ಲಿ. ವೇಗ ಕಮ್ಮಿಯಾದರೆ ನಮ್ಮ ಸೈಕಲ್ಲು ಕುಡಿದವನ ಹಾಗೆ ಓಲಾಡುತ್ತದೆ. ಇವರು ನಡೆಯುವವರಿಗಿಂತ ನಿಧಾನಕ್ಕೆ ತುಳಿಯುತ್ತಾರೆ, ಮುಂದಿನ ಚಕ್ರ ಗೆರೆ ಬಿಟ್ಟು ಅಲುಗುವುದಿಲ್ಲ. ಒಮ್ಮೆ ನಾನು ನೀರು ಕುಡಿಯಲು ನಿಂತು ಕೆಳಗೆ ನೋಡಿದೆ. ಕಡಿದಾದ ಏರಿನ ಮಧ್ಯೆ ಇವರು ಎರಡೂ ಪೆಡಲಿನ ಮೇಲೆ ನಿಂತಿದ್ದಾರೆ, ಸೈಕಲ್ಲು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಕಾಲು ನೆಲ ಮುಟ್ಟಿಲ್ಲ. ಮನೆಯ ಕಟ್ಟೆಗೆ ಒರಗಿ ನಿಂತವರಷ್ಟು ಆರಾಮಾಗಿ ಕಣಿವೆ ನೋಡುತ್ತಿದ್ದಾರೆ. ಅಬ್ಬಾ! ಬಾಟಲಿ ಬಾಯಿಗೆ ಹಿಡಿದವನು ಕುಡಿಯುವುದನ್ನೇ ಮರೆತೆ.

ಇಂಥ ಸವಾರರಿಗೆ ಕಂಪನಿ ಕೊಟ್ಟಿರುವ ಸೈಕಲ್ಲು ಮಾತ್ರ ದೇವರಿಗೇ ಪ್ರೀತಿ. ಮೊದಲ ದಿನದಿಂದಲೂ ನೋಡುತ್ತಿದ್ದೇನೆ, ಏರು ಸ್ವಲ್ಪ ಜೋರಾಯಿತೋ, ಖಟಕ್ಕನೆ ಚೈನು ಕಳಚಿಕೊಳ್ಳುತ್ತದೆ. "ಅಯ್ಯೋ ಮತ್ತೆ ಬಿತ್ತಲ್ಲಾ!" ಎಂದು ಇಳಿದು ಕೂರುತ್ತಾರೆ. ಒಂದು ಕಡ್ಡಿ ಹುಡುಕಿಕೊಂಡು ಚೈನೆತ್ತಿ ಗೇರಿನ ಹಲ್ಲಿಗೆ ಕೂರಿಸಲು ಹೆಣಗುತ್ತಾರೆ. ಪಾಪ ಅನಿಸಿ ನಾನೂ ಇಳಿದು ಜೊತೆಗೆ ನಿಲ್ಲುತ್ತೇನೆ. "ನಿಧಾನ ಅಕ್ಕ, ಅವಸರ ಇಲ್ಲ, ನಾನಿದ್ದೀನಲ್ಲ," ಎಂದು ಧೈರ್ಯ ಹೇಳುತ್ತೇನೆ. ಇವತ್ತು ದೊಡ್ಡೇರಿನ ಅರ್ಧಕ್ಕೇ ಎರಡು ಸಲ ಹೀಗಾಯಿತು.

ನೆತ್ತಿಗೆ ಇನ್ನು ಕೊನೆಯ ತಿರುವು ಅನ್ನುವಾಗ ನನ್ನ ಕಾಲು ಸೋತಿತು. ತೊಡೆ ಕಲ್ಲಾಗಿದೆ, ಜೀವ ಬಾಯಿಗೆ ಬಂದಿದೆ. ಅದಕ್ಕೇ ಕಾಯುತ್ತಿದ್ದವನ ಹಾಗೆ ವ್ಯಾನು ಪಕ್ಕಕ್ಕೆ ಬಂದು ನಿಂತಿತು. "ಹತ್ತಿ ಸಾರ್, ಸಾಕು," ಎಂದ ಡ್ರೈವರು. ಮೆತ್ತನೆ ಸೀಟು ಕಾಣಿಸಿತು. ಸೈಕಲ್ಲನ್ನು ರಸ್ತೆ ಬದಿಯ ಮೋಟುಗೋಡೆಗೆ ಒರಗಿಸಿ ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟೂ ಆಗಿತ್ತು. ಆಗ ಹಿಂದಿನಿಂದ ಕೇಳಿಸಿತು, ಖಟಕ್!

ಬಾಲದಕ್ಕ ಸೈಕಲ್ಲಿನಿಂದ ಇಳಿದು ನನ್ನ ಕಡೆ ನೋಡಿದರು. "ಸಾರ್, ನೀವು ಹತ್ತಿದ್ರೆ ಇಲ್ಲಿ ನಾನೊಬ್ಳೇ ಆಗ್ತೀನಿ. ಈ ದರಿದ್ರ ಚೈನು ಹಾಕೋವರೆಗೆ ಸ್ವಲ್ಪ ಸೈಕಲ್ ಹಿಡ್ಕೊಳ್ತೀರಾ?"

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಕಾಲು ತೆಗೆದೆ. ಅವರ ಸೈಕಲ್ಲು ಹಿಡಿದು ಮೋಟುಗೋಡೆಯ ಮೇಲೆ ಕೂತೆ. ಅವರು ಕಡ್ಡಿ ಹಿಡಿದು ಹೆಣಗಿದರು. ನಾನು ಉಸಿರು ಬಿಟ್ಟೆ. ಸ್ವಲ್ಪ ಹೊತ್ತಿಗೆ, ಹೊರಡುವ ಮುಂಚೆ ನನ್ನ ಹೆಂಡತಿ ಏನಂದಳು ಎಂದು ಕಥೆ ಶುರುಮಾಡಿದೆ. ("ನೀವು ಸೈಕಲ್ ಹೊಡೆಯೋದಾ? ಸೈಕಲ್ಲೇ ನಿಮ್ಮನ್ನ ಹೊಡೆಯುತ್ತೆ!") ಅವರು ನಕ್ಕರು, ಚೈನು ಕೂತಿತು. "ಆಯ್ತು, ಇನ್ನೇನು ಇಲ್ಲೇ ಅಲ್ವಾ," ಎಂದರು. ಖಾಲಿ ವ್ಯಾನು ಹಿಂದೆ ಗುರುಗುಟ್ಟುತ್ತಿರಲು ನಾವಿಬ್ಬರೂ ತುಳಿದೆವು.

ತಲುಪಿದೆ. ನಾನು! ರಸ್ತೆ ಸಪಾಟಾಯಿತು, ಗಾಳಿ ಎದೆಗೆ ಬಡಿಯಿತು, ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮತ್ತೊಂದು, ಕೊನೆಯದು ಮೋಡವೋ ಬೆಟ್ಟವೋ ತಿಳಿಯದಷ್ಟು ನೀಲಿ. ಕೆಳಗೆ ನಾವು ಬೆಳಗ್ಗೆ ಬಿಟ್ಟ ಊರು ಅಂಗೈಯಷ್ಟಾಗಿತ್ತು. ಅಲ್ಲಿಂದ ಇಲ್ಲಿಗೆ ನನ್ನ ಕಾಲೇ ನನ್ನನ್ನು ತಂದಿದೆ ಎಂದು ಹೊಳೆದಾಗ ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಬಾಲದಕ್ಕ ಬೆಟ್ಟ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

ಆ ಸಂಜೆ ಊಟದ ಮೇಜಿನಲ್ಲಿ ನಾನೊಂದು ಘನಕಾರ್ಯ ಮಾಡಿದೆ. ಎಲ್ಲರ ಮುಂದೆ ಎದ್ದು ನಿಂತು ಯಜಮಾನಿಗೆ ಹೇಳಿದೆ: "ಇಷ್ಟು ಒಳ್ಳೆಯ ಸವಾರರಿಗೆ ಅಂಥ ಡಬ್ಬಾ ಸೈಕಲ್ ಕೊಟ್ಟಿದ್ದೀರಲ್ಲ, ನ್ಯಾಯವಾ? ಇವತ್ತು ಮೂರು ಸಲ ಚೈನು ಬಿತ್ತು. ರಿಪೇರಿಯವರು ಏನು ನಿದ್ದೆ ಮಾಡ್ತಾರಾ?" ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ರಿಪೇರಿಯವರು ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದರು, ಇನ್ನೊಂದು ತುತ್ತು ಕಲಸಿಕೊಂಡರು.

ಯಜಮಾನಿ ಚಮಚ ಕೆಳಗಿಟ್ಟರು. "ಮೂರು ಸಲಾನಾ? ಹೋದ ತಂಡದವರೂ ಇದನ್ನೇ ಹೇಳಿದ್ರು. ಅದಕ್ಕೇ ತಡ ಆಗ್ತಿರೋದು ಹಾಗಾದ್ರೆ. ಇನ್ನು ಯೋಚನೆ ಮಾಡೋಕೆ ಏನೂ ಉಳಿದಿಲ್ಲ. ಈ ಪ್ರವಾಸ ಮುಗೀಲಿ, ಅಕ್ಕ ರೆಸ್ಟ್ ತಗೊಳ್ಳಲಿ, ವ್ಯಾನೇ ಬರಲಿ."

ಉಪಕಾರ ಮಾಡಲು ಹೋಗಿ ಇವರ ಅನ್ನಕ್ಕೇ ಕಲ್ಲು ಹಾಕಿದ್ದೆ. ಬಾಲದಕ್ಕ ನನ್ನ ಲೋಟಕ್ಕೆ ನೀರು ಹಾಕಿ, "ಊಟ ಮಾಡಿ ಸಾರ್, ಆರುತ್ತೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಐದನೇ ದಿನ ಬೆಳಗ್ಗೆ ಕ್ಷಮೆ ಕೇಳೋಣವೆಂದು ಬೇಗ ಎದ್ದು ಅಂಗಳಕ್ಕೆ ಹೋದೆ. ಗಂಡ ಒಬ್ಬರೇ ಇದ್ದರು. ಬಾಲದಕ್ಕನ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಹಿಂದಿನ ಚಕ್ರ ತಿರುಗಿಸಿ ಬಿಟ್ಟಿದ್ದರು. ಚಕ್ರ ತಿರುಗುತ್ತಲೇ ಇತ್ತು. ಒಂದು ಸದ್ದಿಲ್ಲ, ಒಂದು ಅಲುಗಾಟವಿಲ್ಲ. ಚೈನು ಹೊಸ ಒಡವೆಯ ಹಾಗೆ ಹೊಳೆಯುತ್ತಿತ್ತು. ಇಷ್ಟು ಚೆನ್ನಾಗಿಟ್ಟ ಸೈಕಲ್ಲನ್ನು ಇಡೀ ಸಾಲಿನಲ್ಲಿ ನಾನು ನೋಡಿರಲಿಲ್ಲ.

"ಹಾಗಾದ್ರೆ ಚೈನು ಯಾಕೆ ಬೀಳುತ್ತೆ?" ಎಂದೆ.

ಅವರು ತಿರುಗುತ್ತಿದ್ದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ಆಮೇಲೆ ಮುಂದಿನ ಗೇರಿನ ಹತ್ತಿರ ಒಂದು ಚಿಕ್ಕ ಸ್ಕ್ರೂ ತೋರಿಸಿದರು. "ಇದು ಬಿಗಿಯಾಗಿದ್ರೆ ಚೈನು ಬೀಳಲ್ಲ. ಇದೊಂದನ್ನ ಮಾತ್ರ ಅರ್ಧ ಸುತ್ತು ಸಡಿಲ ಬಿಡಿ ಅಂತಾಳೆ. ಬೇಕಾದಾಗ ಗೇರು ಎಳೆದ್ರೆ ಚೈನು ಜಾರುತ್ತೆ. ನನ್ನ ಕೈಯಲ್ಲಿ ಸಡಿಲ ಅನ್ನೋದು ಆಗಲ್ಲ ಸಾರ್. ಆದ್ರೂ ಇಷ್ಟು ವರ್ಷದಿಂದ ಬಿಟ್ಟಿದ್ದೀನಿ. ಬಂದೋರೆಲ್ಲಾ ನನಗೇ ಬೈದು ಹೋಗ್ತಾರೆ. ಹೋದ ವರ್ಷ ಒಂದು ತಂಡದವರು ಪಾಪ ಅಂತ ಇವಳಿಗೆ ಹೊಸ ಸೈಕಲ್ಲೇ ಕಳಿಸಿದ್ರು, ಗೊತ್ತಾ? ಅದನ್ನ ಮಗಳು ಕೆಲಸಕ್ಕೆ ಹೋಗೋಕೆ ಇಟ್ಕೊಂಡಿದ್ದಾಳೆ. ನನ್ನ ಮಾನ ಹೋಗಿದ್ದು ಹೋಯ್ತು."

ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅಷ್ಟರಲ್ಲಿ ಟವೆಲ್ಲು ಹಿಡಿದು ಬಾಲದಕ್ಕ ಬಂದರು. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. "ಹೇಳಿಬಿಟ್ರಾ?" ಎಂದು ಅಲ್ಲೇ ಕಲ್ಲಿನ ಮೇಲೆ ಕೂತರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವರೂ ಹಿಂದುಳಿದವರಿಗೆ "ಬನ್ನಿ ಬನ್ನಿ, ಎಲ್ಲಾ ಕಾಯ್ತಿದ್ದಾರೆ" ಎಂದೇ ಹೇಳುತ್ತಿದ್ದರಂತೆ. ಒಮ್ಮೆ ಹಾಗೆ ಹೇಳಿದ್ದಕ್ಕೆ ಒಬ್ಬ ಹೆಂಗಸು ರಸ್ತೆಯಲ್ಲೇ ಕೂತು ಅತ್ತು, ಮರುದಿನ ಊರಿಗೆ ವಾಪಸು ಹೋದರು. ಕೆಲ ದಿನದ ಮೇಲೆ ಇನ್ನೊಬ್ಬರು ಹೀಗೇ ಸೋತು ನಿಂತಾಗ ಇವರ ಚೈನು ನಿಜವಾಗಿಯೇ ಬಿತ್ತು.

"ಆ ಮನುಷ್ಯ ಅಲ್ಲೀವರೆಗೆ ನೆಲ ನೋಡ್ತಾ ನಿಂತಿದ್ರು. ನನ್ನ ಚೈನು ಬಿದ್ದಿದ್ದು ನೋಡಿ ನೆಟ್ಟಗಾದ್ರು. ನಿಧಾನ ಕಣಮ್ಮ, ನಾನಿದ್ದೀನಿ ಅಂದ್ರು. ಆಮೇಲೆ ನನಗೋಸ್ಕರಾನೇ ಬೆಟ್ಟ ಹತ್ತಿದ್ರು. ನಮಗೋಸ್ಕರ ಯಾರಾದ್ರೂ ಕಾಯ್ತಾ ನಿಂತ್ರೆ ಮೈ ಉರಿಯುತ್ತೆ ಸಾರ್. ನಾವು ಯಾರಿಗೋ ಕಾಯ್ತಾ ನಿಂತ್ರೆ ಉರಿಯಲ್ಲ. ಅಷ್ಟೇ ವಿಷಯ."

ಚೈನು ಕೂರಿಸಲು ಅಷ್ಟು ಹೊತ್ತು ಏಕೆ ಬೇಕು ಎಂದು ಕೇಳಿದೆ.

"ಹೊತ್ತು ಚೈನಿಗಲ್ಲ, ನಿಮಗೆ. ಸುಸ್ತಾದೋರು ಮಾತಾಡಲ್ಲ. ಹೆಂಡ್ತಿ ಕಥೆ ಶುರುವಾಯ್ತು ಅಂದ್ರೆ ಉಸಿರು ಬಂತು ಅಂತ. ಆಗ ಕೂರಿಸ್ತೀನಿ."

ನನಗೆ ನಗಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷ ಬೆಟ್ಟದಲ್ಲಿ ಸೈಕಲ್ ತುಳಿದು, ಗಾಳಿಯಲ್ಲಿ ನಿಂತ ಹಾಗೆ ನಿಲ್ಲಬಲ್ಲ ಈ ಹೆಂಗಸು ತಾನು ಏನೂ ಬಾರದವಳೆಂದು ಎಲ್ಲರೂ ತಿಳಿಯಲಿ ಎಂದು ಬಿಟ್ಟಿದ್ದಾರೆ. ಅವರ ಪಾಲಿನ ಹೊಗಳಿಕೆಯನ್ನೆಲ್ಲ ಹಿಂದೆ ಬಿದ್ದವರಿಗೆ ಹಂಚಿದ್ದಾರೆ. ನಮ್ಮಂಥವರು ಅದನ್ನು ಜೇಬಿಗೆ ಹಾಕಿಕೊಂಡು, ಮೇಲಿಂದ ಗಂಡನಿಗೆ ಬೈದು ಮನೆಗೆ ಹೋಗಿದ್ದೇವೆ.

"ಯಜಮಾನಿಗೆ ಹೇಳಿಬಿಡೋಣ," ಎಂದೆ.

"ಬೇಡವೇ ಬೇಡ. ಹೇಳಿದ್ರೆ ಅವರು ಖುಷಿಯಿಂದ ಎಲ್ಲರಿಗೂ ಹೇಳ್ತಾರೆ. ಬರೋರಿಗೆಲ್ಲಾ ಗೊತ್ತಾದ್ಮೇಲೆ ಚೈನು ಬಿದ್ರೆ ಏನು ಪ್ರಯೋಜನ? ಕೆಲಸ ಹೋದ್ರೆ ಹೋಗ್ಲಿ. ಇದು ಹೋಗಬಾರದು."

ಹಾಗಾಗಿ ನಾನು ಯಜಮಾನಿಯ ಬಳಿ ಹೋಗಿ ಹೇಳಿದ್ದು ಬೇರೆಯೇ. ನಿರ್ಧಾರ ಮಾಡುವ ಮುಂಚೆ ಒಂದು ದಿನ ನೀವೇ ಹಿಂದಿನಿಂದ ಬಂದು ನೋಡಿ ಎಂದೆ. ಅವರು ಸ್ವಲ್ಪ ತಡವರಿಸಿದರು. ಮದುವೆಗೆ ಮುಂಚೆ ಅವರು ಸೈಕಲ್ ರೇಸುಗಳಿಗೆ ಹೋಗುತ್ತಿದ್ದವರಂತೆ. ಮಗು ಹುಟ್ಟಿದ ಮೇಲೆ ಫೋನು, ಆಫೀಸು, ಮುಂದೆ ಹೋಗಿ ಊಟ ಸಿದ್ಧಮಾಡಿಸುವ ಗಡಿಬಿಡಿ. ಆಮೇಲೆ ಏರಿನಲ್ಲಿ ಸೈಕಲ್ ತುಳಿದೇ ಇಲ್ಲ. "ಸರಿ, ಚೈನು ಎಷ್ಟು ಸಲ ಬೀಳುತ್ತೆ ನೋಡೇಬಿಡ್ತೀನಿ," ಎಂದು ಹೆಲ್ಮೆಟ್ ಹಾಕಿಕೊಂಡರು.

ಐದನೇ ದಿನದ ಏರು ದೊಡ್ಡೇರಿಗಿಂತ ಚಿಕ್ಕದು. ಆದರೂ ಅರ್ಧ ದಾರಿಗೆ ಯಜಮಾನಿಯ ಮುಖ ಕೆಂಪಾಯಿತು. ಹಳೆಯ ಜೋರಿನಲ್ಲೇ ತುಳಿಯಲು ಹೋಗಿ ಉಸಿರು ಕಟ್ಟಿತು. ನನಗಿಂತಲೂ ಹಿಂದೆ ಬಿದ್ದರು. ಪಕ್ಕಕ್ಕೆ ಬಂದ ವ್ಯಾನಿನಿಂದ ಡ್ರೈವರು, "ಮೇಡಂ, ಬರ್ತೀರಾ?" ಎಂದ. ಅವರು ಬ್ರೇಕು ಹಿಡಿದು, ಕಾಲು ನೆಲಕ್ಕೆ ಕೊಟ್ಟು, ಯಾರ ಮುಖವನ್ನೂ ನೋಡದೆ ನಿಂತರು. ತಮ್ಮದೇ ವ್ಯಾನು ಹತ್ತಲೇಬೇಕಾಗಿ ಬಂದ ಯಜಮಾನಿಯ ಆ ಬಗ್ಗಿದ ತಲೆಯನ್ನು ನೋಡಿ ನನಗೇ ಸಂಕಟವಾಯಿತು.

ಖಟಕ್!

"ಅಯ್ಯೋ ಮೇಡಂ, ನೀವು ಬಂದ ದಿನವೇ ಹೀಗಾಗ್ಬೇಕಾ!" ಎಂದು ಬಾಲದಕ್ಕ ಇಳಿದರು. ಯಜಮಾನಿ ತಲೆ ಎತ್ತಿದರು. "ಪರವಾಗಿಲ್ಲ ಅಕ್ಕಾ, ನಿಧಾನ," ಎಂದು ಪಕ್ಕಕ್ಕೆ ಹೋಗಿ ಸೈಕಲ್ಲು ಹಿಡಿದುಕೊಂಡರು. ಡ್ರೈವರಿಗೆ ಮುಂದೆ ಹೋಗು ಎಂದು ಕೈ ಬೀಸಿದರು. ಕಡ್ಡಿಯ ಹುಡುಕಾಟ ನಡೆಯಿತು. ಸ್ವಲ್ಪ ಹೊತ್ತಿಗೆ ಯಜಮಾನಿ ತಮ್ಮ ಮಗು ಹೊಸದಾಗಿ ಅಂಬೆಗಾಲಿಡುವುದನ್ನು ಹೇಳತೊಡಗಿದರು. ನಾನು ಬೇರೆ ಕಡೆ ನೋಡುತ್ತಾ ನಗು ನುಂಗಿಕೊಂಡೆ. ಚೈನು ಕೂತಿತು.

ನೆತ್ತಿಯಲ್ಲಿ ಯಜಮಾನಿ ಸೈಕಲ್ಲು ಬಿಟ್ಟು ಬೆಟ್ಟಗಳ ಕಡೆ ಮುಖ ಮಾಡಿ ತುಂಬಾ ಹೊತ್ತು ನಿಂತರು. ತಿರುಗಿದಾಗ ಮುಖ ಬೇರೆಯೇ ಆಗಿತ್ತು. ಆ ಮುಖವನ್ನು ಇವತ್ತು ನಾನೂ ನೋಡಿದೆ. "ವ್ಯಾನು ಮೊದಲಿನ ಹಾಗೆ ಮುಂದೇನೇ ಹೋಗ್ಲಿ," ಎಂದರು. "ಅಕ್ಕ ಹಿಂದೆ ಇರಲಿ. ಅವರ ಜೊತೆ ಬರೋದು ಚೆನ್ನಾಗಿರುತ್ತೆ." ಆಮೇಲೆ, ಮುಂದಿನವರ ಜೊತೆ ಬಂದು ಅಲ್ಲೇ ಕಾಯುತ್ತಿದ್ದ ರಿಪೇರಿಯವರ ಕಡೆ ತಿರುಗಿ, "ನೀವು ಮಾತ್ರ ಆ ಸೈಕಲ್ಲನ್ನ ಸ್ವಲ್ಪ ಗಮನ ಕೊಟ್ಟು ನೋಡ್ರಿ. ಹೆಂಡ್ತಿ ಸೈಕಲ್ ಅಂತ ಉದಾಸೀನ ಮಾಡ್ತೀರಾ ಹೇಗೆ?" ಎಂದರು.

"ಆಗ್ಲಿ ಮೇಡಂ," ಎಂದರು ಅವರು. ಆ ಎರಡು ಮಾತಿನ ತೂಕ ನನಗೆ ಗೊತ್ತು.

ಆರನೇ ದಿನ ಸಂಜೆ ಸೈಕಲ್ಲುಗಳನ್ನೆಲ್ಲ ಶೆಡ್ಡಿಗೆ ಸೇರಿಸುವಾಗ ನಿಮ್ಮ ಬಗ್ಗೆ ಬರೆಯಲೇ ಎಂದು ಕೇಳಿದೆ. ಬಾಲದಕ್ಕ ಯೋಚಿಸಿ, "ಬರೀರಿ. ಆದ್ರೆ ಸೈಕಲ್ ಬಣ್ಣ ಮಾತ್ರ ಬರೀಬೇಡಿ, ಬರೋರು ಗುರುತು ಹಿಡಿದುಬಿಡ್ತಾರೆ," ಎಂದರು. ಬರೆದಿಲ್ಲ. ಗಂಡನಿಗೂ ಒಂದು ಆಸೆ ಇತ್ತು, ಬಾಯಿಬಿಟ್ಟು ಹೇಳಲು ಸಂಕೋಚ. "ಯಾರಾದ್ರೂ ಒಬ್ರು ಈ ಸೈಕಲ್ ಚೆನ್ನಾಗಿದೆ ಅಂದಿದ್ರೆ..." ಎಂದು ನಿಲ್ಲಿಸಿದರು. ಅಣ್ಣಾ, ಇಡೀ ಸಾಲಿನಲ್ಲಿ ಅದರಷ್ಟು ಚೆನ್ನಾದ ಸೈಕಲ್ಲು ಇನ್ನೊಂದಿಲ್ಲ ಎಂದು ಈ ಪುಟದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದೇನೆ.

"ಯಜಮಾನಿ ಇದನ್ನ ಓದಿದ್ರೆ ಗುಟ್ಟು ರಟ್ಟಾಗಲ್ವಾ?" ಎಂದೆ.

"ಓದ್ಲಿ ಬಿಡಿ ಸಾರ್," ಎಂದು ಬಾಲದಕ್ಕ ನಕ್ಕರು. "ಯಾರು ಓದಿದ್ರೂ ಇದೆಲ್ಲಾ ಬೇರೆಯವರಿಗೆ ಮಾಡಿದ್ದು ಅಂದ್ಕೊಳ್ತಾರೆ. ನಮ್ಮ ಸಲ ಮಾತ್ರ ಚೈನು ನಿಜವಾಗ್ಲೂ ಬಿದ್ದಿತ್ತು ಅಂತಾರೆ."

"ದೊಡ್ಡೇರಿನ ಕೊನೇ ತಿರುವಿನಲ್ಲಿ, ನಾನು ವ್ಯಾನಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಬಿತ್ತಲ್ಲ, ಅದು?"

"ಛೇ ಛೇ, ಅದು ನಿಜವಾಗ್ಲೂ ಬಿತ್ತು ಸಾರ್! ನೀವು ನಿಲ್ಲದಿದ್ರೆ ಅವತ್ತು ನನ್ನ ಗತಿ ಏನಾಗ್ತಿತ್ತೋ."

ರಿಪೇರಿಯವರು ಇದ್ದಕ್ಕಿದ್ದ ಹಾಗೆ ಸಾಮಾನಿನ ಪೆಟ್ಟಿಗೆಯೊಳಗೆ ಬಗ್ಗಿ ಏನೋ ಹುಡುಕತೊಡಗಿದರು. ಅವರ ಹೆಗಲು ಕುಲುಕುತ್ತಿತ್ತು. ಕುಲುಕಲಿ ಬಿಡಿ. ಅದು ನಿಜವಾಗಿಯೇ ಬಿದ್ದಿತ್ತು, ನಾನು ಅಲ್ಲೇ ಇದ್ದೆ, ನನಗೆ ಗೊತ್ತು.